ಜೋಲು ರೆಂಬೆಯ ಕುಂಡಮರ: ಕಸಿಕತ್ತಿ ಹಿಡಿದ ಕೈಗೆ ಒಗ್ಗುವ ವಿದ್ಯೆ

ನಮ್ಮ ಮನೆಯ ಜಗಲಿಯ ತುದಿಯಲ್ಲಿ ಅಗಲವಾದ ಮಣ್ಣಿನ ಕುಂಡವೊಂದರಲ್ಲಿ ಒಂದು ಕಾಫಿ ಗಿಡವಿದೆ. ಎತ್ತರ ಎರಡಡಿಗೆ ಮೀರಿಲ್ಲ. ಬುಡ ಮಾತ್ರ ತೋಳಿನಷ್ಟು ದಪ್ಪ. ರೆಂಬೆಗಳು ಕಾಂಡದಿಂದ ಹೊರಟು, ಸ್ವಲ್ಪ ದೂರ ಅಡ್ಡಕ್ಕೆ ಸಾಗಿ, ಅಲ್ಲಿಂದ ಕೆಳಕ್ಕೆ ಇಳಿಬಿದ್ದಿವೆ. ಮನೆಗೆ ಬಂದವರು ಮೆಚ್ಚಿಕೊಂಡು ನೋಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಎಲ್ಲಾ ಸರಿ, ಈ ಒಂದು ಕಡೆ ಯಾಕೆ ಖಾಲಿ ಬಿಟ್ಟಿದ್ದೀರಿ?"

ಖಾಲಿ ಬಿಟ್ಟದ್ದಲ್ಲ, ಖಾಲಿಯಾದದ್ದು. ಅದು ನನ್ನ ಕೈತಪ್ಪು. ಆ ತಪ್ಪಿನಿಂದ ಕಲಿತದ್ದನ್ನೂ, ಅದಕ್ಕೆ ಮೊದಲು ತಿಳಿದಿರಬೇಕಾಗಿದ್ದದ್ದನ್ನೂ ಸಹ ಬೆಳೆಗಾರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬೋನ್ಸಾಯ್ ಎಂದರೆ ಪಟ್ಟಣದವರ ಷೋಕಿ, ತೋಟದವನಿಗೆ ಅದರಿಂದ ಆಗಬೇಕಾದದ್ದೇನು ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಯಾವ ಚಿಗುರು ಉಳಿಸಬೇಕು, ಯಾವುದನ್ನು ಕೀಳಬೇಕು, ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ವರ್ಷವಿಡೀ ಯೋಚಿಸುವವನು ಕಾಫಿ ಬೆಳೆಗಾರ. ಕುಂಡದ ಮರಕ್ಕೆ ಬೇಕಾದದ್ದೂ ಅದೇ ಬುದ್ಧಿ. ಮಳೆಯ ಅಬ್ಬರ ತಗ್ಗಿ, ಕುಯ್ಲಿಗೆ ಇನ್ನೂ ಸಮಯವಿರುವ ಸೆಪ್ಟೆಂಬರ್–ಅಕ್ಟೋಬರ್ ದಿನಗಳು ಇದಕ್ಕೆ ತಕ್ಕ ಕಾಲವೂ ಹೌದು.

ಜೋಲು ಶೈಲಿ ಎಂದರೇನು?

ಬೋನ್ಸಾಯ್ ಎಂಬ ಜಪಾನಿ ಮಾತಿಗೆ ತಟ್ಟೆಯಲ್ಲಿ ನೆಟ್ಟದ್ದು ಎಂದು ಅರ್ಥ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಈ ವಿದ್ಯೆಯಲ್ಲಿ ನೆಟ್ಟಗೆ ನಿಂತ ಮರ, ಗಾಳಿಗೆ ವಾಲಿದ ಮರ, ಬಂಡೆಯ ಅಂಚಿನಿಂದ ಕೆಳಗಿಳಿದ ಮರ ಎಂದು ಹಲವು ಶೈಲಿಗಳಿವೆ. ಜೋಲು ಶೈಲಿಗೆ ಅವರು 'ಶಿದರೆ' ಎನ್ನುತ್ತಾರೆ. ಇದಕ್ಕೆ ಮಾದರಿ ನೀರಿನ ದಂಡೆಯ ವಿಲ್ಲೋ ಮರ. ಈ ವಿಲ್ಲೋ ಚೀನಾ ಮೂಲದ್ದು. ಬ್ಯಾಬಿಲೋನಿನದೆಂದು ತಪ್ಪು ತಿಳಿದು ಲಿನೇಯಸ್ ಅದಕ್ಕೆ ಇಟ್ಟ ಹೆಸರೇ ಶಾಸ್ತ್ರದಲ್ಲಿ ಇಂದಿಗೂ ಉಳಿದಿದೆ.

ಇಲ್ಲಿ ಒಂದು ಗೊಂದಲ ಬೇಡ. ಬಂಡೆಯಿಂದ ಇಳಿಯುವ ಶೈಲಿಯಲ್ಲಿ ಕಾಂಡವೇ ಕೆಳಗಿಳಿಯುತ್ತದೆ. ಜೋಲು ಶೈಲಿಯಲ್ಲಿ ಕಾಂಡ ಮೇಲಕ್ಕೇ ನಿಲ್ಲಬೇಕು, ರೆಂಬೆಗಳು ಮಾತ್ರ ಜೋಲಬೇಕು. ಅವೂ ಬುಡದಿಂದಲೇ ಮುರಿದು ಬಿದ್ದಂತೆ ಜೋಲಬಾರದು. ಮೊದಲು ಕೊಂಚ ಮೇಲಕ್ಕೋ ಅಡ್ಡಕ್ಕೋ ಸಾಗಿ, ಬಿಲ್ಲಿನಂತೆ ಬಾಗಿ, ಆಮೇಲೆ ಇಳಿಯಬೇಕು. ಬಾಗು ಇಲ್ಲದೆ ಇಳಿದ ರೆಂಬೆ ನೀರಿಲ್ಲದೆ ಬಾಡಿದ ಗಿಡದಂತೆ ಕಾಣುತ್ತದೆ.

ಕಣ್ಣಾರೆ ನೋಡಬೇಕೆನ್ನುವವರಿಗೆ ನಮ್ಮ ರಾಜ್ಯದಲ್ಲೇ ಅನುಕೂಲವಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋನ್ಸಾಯ್ ವಿಭಾಗವಿದೆ. ಮೈಸೂರಿನ ಅವಧೂತ ದತ್ತಪೀಠದ ಆವರಣದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟವಿದೆ. ಮಕ್ಕಳನ್ನು ನೋಡಲು ಆ ಕಡೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡರೆ, ಓದಿ ತಿಳಿಯುವುದಕ್ಕಿಂತ ಹೆಚ್ಚು ಅರ್ಥವಾಗುತ್ತದೆ.

ರೆಂಬೆ ಬಗ್ಗಿದಾಗ ಆಗುವುದೇನು?

ಗಿಡದ ತುದಿ ಮೇಲಕ್ಕೆ ನೆಟ್ಟಗಿರುವಷ್ಟು ಕಾಲ ಅದೇ ಯಜಮಾನ. ತುದಿಯಲ್ಲಿ ಹುಟ್ಟುವ ಬೆಳವಣಿಗೆಯ ಚೋದಕರಸ ಕೆಳಗಿಳಿದು, ಕೆಳಗಿನ ಮೊಗ್ಗುಗಳನ್ನು ಮಲಗಿಸಿ ಇಡುತ್ತದೆ. ತುದಿಯನ್ನು ಚಿವುಟಿದರೆ ಅಥವಾ ಬಗ್ಗಿಸಿದರೆ ಆ ಯಜಮಾನಿಕೆ ಕುಗ್ಗುತ್ತದೆ. ಆಗ ಬಾಗಿನ ನೆತ್ತಿಯ ಮೊಗ್ಗುಗಳು ಎಚ್ಚರಗೊಂಡು ನೆಟ್ಟಗೆ ಏಳುತ್ತವೆ.

ಇದು ನಮಗೆ ಹೊಸದಲ್ಲ. ಅರೇಬಿಕಾ ಗಿಡವನ್ನು ಎರಡೂವರೆ–ಮೂರು ಅಡಿಗೆ ತುದಿ ಕತ್ತರಿಸಿ ಬಿಟ್ಟರೆ ಕಂಬಚಿಗುರು ಒತ್ತಿಕೊಂಡು ಬರುವುದು ಇದೇ ಕಾರಣಕ್ಕೆ. ಮಧ್ಯ ಅಮೆರಿಕದ ಗ್ವಾಟೆಮಾಲ, ಎಲ್ ಸಾಲ್ವಡಾರ್ ದೇಶಗಳ ಕಾಫಿ ಬೆಳೆಗಾರರು ಗಿಡದ ಕಾಂಡವನ್ನೇ ಓರೆಯಾಗಿ ಬಗ್ಗಿಸಿ, ಗೂಟಕ್ಕೆ ಕಟ್ಟಿ, ಬಾಗಿನಿಂದ ಏಳುವ ಚಿಗುರುಗಳನ್ನು ಹೊಸ ಕಾಂಡಗಳಾಗಿ ಬೆಳೆಸಿಕೊಳ್ಳುವ ಪದ್ಧತಿಯನ್ನು ರೂಢಿಸಿಕೊಂಡಿದ್ದಾರೆ. ಉಗಾಂಡದಲ್ಲಿ ರೋಬಸ್ಟಾ ಸಸಿಗಳನ್ನು ಹೀಗೆ ಬಗ್ಗಿಸುತ್ತಾರೆ. ಪಶ್ಚಿಮ ಬಂಗಾಳದಲ್ಲಿ ಸೀಬೆ ಮರದ ರೆಂಬೆ ಬಗ್ಗಿಸಿ ಕಟ್ಟಿ, ಅಕಾಲದಲ್ಲಿ ಹೂ ತರಿಸುವ ರೈತರಿದ್ದಾರೆ.

ಹಾಗಾದರೆ ತಾನಾಗಿಯೇ ಜೋಲುವ ಮರಗಳ ಗುಟ್ಟೇನು? ಜಪಾನಿನ ಸಂಶೋಧಕರು ಜೋಲು ಚೆರ್ರಿಯ ಎಳೆ ರೆಂಬೆಗಳಿಗೆ ಗಿಬ್ಬರೆಲಿನ್ ಎಂಬ ಚೋದಕವನ್ನು ಕೊಟ್ಟು ನೋಡಿದಾಗ ಅವು ನೆಟ್ಟಗೆ ಬೆಳೆದವು. ಅಂದರೆ ರೆಂಬೆ ನಿಲ್ಲುವುದೂ ಜೋಲುವುದೂ ಒಳಗಿನ ಈ ರಸಗಳಿಗೆ ಸೇರಿದ ವಿಷಯ.

ನಾವು ನೆನಪಿಡಬೇಕಾದದ್ದು ಇಷ್ಟು. ಬಗ್ಗಿಸಿದ ರೆಂಬೆಯ ತುದಿ ದಿನದಿನಕ್ಕೂ ಬಲಗುಂದುತ್ತದೆ, ಬಾಗಿನ ನೆತ್ತಿ ಬಲಗೊಳ್ಳುತ್ತದೆ. ಕೈಬಿಟ್ಟರೆ ನೆತ್ತಿಯ ಚಿಗುರು ನೆಟ್ಟಗೆ ಎದ್ದು, ಜೋಲಿದ ಭಾಗ ಒಣಗಿ ಹೋಗುತ್ತದೆ. ರೆಂಬೆಯನ್ನು ಬಗ್ಗಿಸುವುದು ಅರ್ಧ ಗಂಟೆಯ ಕೆಲಸ. ಬಗ್ಗಿದ ರೆಂಬೆಯನ್ನು ಬದುಕಿಸಿಕೊಂಡು ಹೋಗುವುದೇ ನಿಜವಾದ ಕೆಲಸ.

ಯಾವ ಗಿಡ ಆರಿಸಬೇಕು?

ಹೊಸದಾಗಿ ಕಲಿಯುವವರು ಕಾಫಿಯಿಂದ ಆರಂಭಿಸಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಬಂಗಲೆಗಳ ಅಂಗಳದಲ್ಲಿ ಕೆಂಪು ಕುಂಚದಂತೆ ಹೂ ಬಿಡುವ ಬಾಟಲ್ ಬ್ರಷ್ ಎಲ್ಲಕ್ಕಿಂತ ಸುಲಭ. ಅದರ ಒಂದು ಜಾತಿ ಸ್ವಭಾವದಿಂದಲೇ ಜೋಲುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ. ನರ್ಸರಿಗಳಲ್ಲಿ ಫೈಕಸ್ ಎಂದು ಮಾರುವ ಸಣ್ಣೆಲೆಯ ಅತ್ತಿ ಜಾತಿಯ ಗಿಡ ಎರಡನೆಯದು. ಹಾಲು ಸುರಿಸಿದರೂ ಬೇಗ ಗಾಯ ಮಾಯುತ್ತದೆ, ತಪ್ಪನ್ನು ಸಹಿಸುತ್ತದೆ. ಗಾಳಿಮರ, ಹೊಂಗೆ, ಹುಣಸೆ ಇವೂ ಆಗಬಹುದು. ವಿಲ್ಲೋ ಸಿಕ್ಕಿದವರು ಅದಕ್ಕೆ ನೀರು ಬಹಳ ಬೇಕೆಂಬುದನ್ನು ಮರೆಯಬಾರದು. ಬೇಸಿಗೆಯಲ್ಲಿ ಒಂದು ದಿನ ಒಣಗಿದರೂ ತುದಿಗಳು ಹೋಗುತ್ತವೆ.

ಅಡಿಕೆಯವರು ನಗಬಹುದು. ಅಡಿಕೆ ಮರಕ್ಕೆ ಬೆಳೆಯುವ ಕಣ್ಣು ನೆತ್ತಿಯಲ್ಲಿ ಒಂದೇ, ರೆಂಬೆಯೇ ಇಲ್ಲ. ಅಲ್ಲಿ ಈ ವಿದ್ಯೆಗೆ ಎಡೆಯಿಲ್ಲ. ಆದರೆ ಅಡಿಕೆಗೆ ಹಬ್ಬಿಸಿದ ಮೆಣಸಿನ ಬಳ್ಳಿ ಒಂದು ಪಾಠ ಹೇಳುತ್ತದೆ. ಮರ ಹತ್ತುವ ಬಳ್ಳಿಯ ತುಂಡು ನೆಟ್ಟರೆ ಅದು ಮತ್ತೆ ಹತ್ತುತ್ತದೆ. ಕಾಯಿ ಬಿಡುವ ಪಕ್ಕದ ಕವಲನ್ನು ಬೇರು ಬರಿಸಿ ನೆಟ್ಟರೆ ಅದು ಹತ್ತುವುದಿಲ್ಲ, ಪೊದೆಯಾಗಿಯೇ ಉಳಿಯುತ್ತದೆ. ಪೊದೆಮೆಣಸು ಮಾಡುವುದು ಹೀಗೆಯೇ. ಕಾಫಿಯಲ್ಲೂ ಅದೇ ನಿಯಮ. ಕಂಬಚಿಗುರಿನ ತುಂಡು ನೆಟ್ಟಗೆ ಬೆಳೆಯುತ್ತದೆ. ಅಡ್ಡರೆಂಬೆಯ ತುಂಡು ಬೇರು ಬಿಟ್ಟರೂ ಎಂದೂ ಕಂಬವಾಗುವುದಿಲ್ಲ, ನೆಲಕ್ಕೆ ಹರಡಿಕೊಂಡೇ ಬೆಳೆಯುತ್ತದೆ. ಎತ್ತರದ ಕುಂಡದ ಅಂಚಿನಲ್ಲಿ ಅಂಥದೊಂದನ್ನು ನೆಟ್ಟರೆ ತಂತಿಯಿಲ್ಲದೆಯೇ ಜೋಲುವ ಕಾಫಿ ಸಿಗುತ್ತದೆ.

ಕಾಫಿಯ ತಳಿಗಳಲ್ಲಿ ನನ್ನ ಅನುಭವದಂತೆ ಎಸ್. 795 ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದಿಂದ, ಎಸ್. 288 ಮತ್ತು ಕೆಂಟ್ಸ್ ತಳಿಗಳನ್ನು ಕೂಡಿಸಿ ತೆಗೆದ ಈ ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಅದರ ಉದ್ದನೆಯ ರೆಂಬೆಗಳು ಫಸಲಿನ ಭಾರಕ್ಕೆ ತಾವಾಗಿಯೇ ಬಾಗುತ್ತವೆ. ಕುಳ್ಳ ಜಾತಿಯ ಕಾವೇರಿಯ ರೆಂಬೆಗಳು ಬಿರುಸು, ಗಂಟುಗಳು ಹತ್ತಿರ. ಬಗ್ಗಿಸಹೋದರೆ ಸಿಡಿಯುತ್ತವೆ. ರೋಬಸ್ಟಾದ ಎಲೆ ಕುಂಡಕ್ಕೆ ತೀರ ದೊಡ್ಡದು.

ಬಗ್ಗಿಸುವ ಕ್ರಮ

ಎಳೆ ಹಸಿರು ರೆಂಬೆಯನ್ನು ಬಗ್ಗಿಸಿದರೆ ನಿಲ್ಲುವುದಿಲ್ಲ. ಬಲಿತು ಗಟ್ಟಿಯಾದದ್ದನ್ನು ಬಗ್ಗಿಸಿದರೆ ಸೀಳುತ್ತದೆ. ಹಸಿರು ಬಣ್ಣ ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿರುವ ಹದ ಸರಿ. ಬಗ್ಗಿಸುವ ಹಿಂದಿನ ದಿನ ಕುಂಡಕ್ಕೆ ನೀರು ಕಡಿಮೆ ಮಾಡಿದರೆ ರೆಂಬೆಯ ಬಿಗುಪು ಇಳಿದು, ಮುರಿಯುವ ಭಯ ತಗ್ಗುತ್ತದೆ. ಕೆಲಸ ಮುಗಿದ ಮೇಲೆ ಚೆನ್ನಾಗಿ ನೀರು ಕೊಟ್ಟು ಒಂದೆರಡು ವಾರ ನೆರಳಿನಲ್ಲಿಡಬೇಕು.

ತಂತಿ ಮೆತ್ತಗಿರಬೇಕು. ಅಲ್ಯೂಮಿನಿಯಂ ಅಥವಾ ತಾಮ್ರದ್ದು ಒಳ್ಳೆಯದು. ದಪ್ಪ ರೆಂಬೆಯ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ತಂತಿಯ ಒಂದು ತುದಿಯನ್ನು ಕಾಂಡಕ್ಕೆ ಒಂದೆರಡು ಸುತ್ತು ಹಾಕಿ ಭದ್ರಪಡಿಸಿ, ರೆಂಬೆಯ ಉದ್ದಕ್ಕೂ ಓರೆಯಾಗಿ, ಸುತ್ತಿನಿಂದ ಸುತ್ತಿಗೆ ಒಂದೇ ಅಂತರವಿರುವಂತೆ ಸುತ್ತಬೇಕು. ಎಲೆ ಮತ್ತು ಮೊಗ್ಗು ತಂತಿಯಡಿ ಸಿಕ್ಕಬಾರದು. ಬಾಗಿನ ಹೊರಮೈಗೆ ತಂತಿ ಬರುವಂತೆ ನೋಡಿಕೊಂಡರೆ ತೊಗಟೆ ಸೀಳುವುದಿಲ್ಲ. ಎರಡೂ ಕೈಯ ಹೆಬ್ಬೆರಳನ್ನು ಒಳಗೆ ಒತ್ತಿ ಹಿಡಿದು, ನಿಧಾನವಾಗಿ, ಬೇಕಾದರೆ ಎರಡು ಮೂರು ಕಂತಿನಲ್ಲಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಗ್ಗಿಸಬೇಕು.

ತಂತಿ ಬೇಡವೆನ್ನುವವರಿಗೆ ಬಾಳೆಪಟ್ಟೆಯ ನಾರು ಇದೆ. ರೆಂಬೆಯ ನಡುವಿಗೆ ಸಡಿಲವಾಗಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಕುಂಡದ ಅಂಚಿಗೆ ಎಳೆದು ಕಟ್ಟಿದರೆ ಸಾಕು. ಸಣ್ಣ ರೆಂಬೆಗೆ ಒಂದು ಕಲ್ಲನ್ನು ತೂಗಹಾಕಿದರೂ ಆದೀತು. ನಾರು ಮೂರು ತಿಂಗಳಿಗೆ ತಾನೇ ಕೊಳೆತು ಬೀಳುತ್ತದೆ. ಮರೆಗುಳಿಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಬಾಟಲ್ ಬ್ರಷ್, ಫೈಕಸ್ ಮುಂತಾದವನ್ನು ಪ್ರತಿವರ್ಷ ಕತ್ತರಿಸುವಾಗ ರೆಂಬೆಯ ಮೇಲ್ಮೈಯ ಮೊಗ್ಗನ್ನು ಉಳಿಸಿ, ಅದರ ಮುಂದಕ್ಕೆ ಕತ್ತರಿಸಬೇಕು. ಮೇಲಿನ ಮೊಗ್ಗಿನಿಂದ ಬಂದ ಚಿಗುರು ಮೊದಲು ಎದ್ದು, ಆಮೇಲೆ ಬಾಗುತ್ತದೆ. ನಮಗೆ ಬೇಕಾದ ಬಿಲ್ಲು ಅದರಿಂದ ಸಿಗುತ್ತದೆ. ಕೆಳಮೈಯ ಮೊಗ್ಗುಗಳನ್ನು ಉಗುರಿನಲ್ಲೇ ತೆಗೆಯಬಹುದು. ಅವಕ್ಕೆ ಬೆಳಕು ಸಿಗುವುದಿಲ್ಲ, ಸಾಕಿದರೂ ಬದುಕುವುದಿಲ್ಲ. ಜೋಲುವ ಸ್ವಭಾವದ ಮರಕ್ಕೂ ಈ ಕೆಲಸ ವರ್ಷವರ್ಷವೂ ಇದ್ದದ್ದೇ.

ಕಾಫಿಯಲ್ಲಿ ಮಾತ್ರ ಲೆಕ್ಕ ಬೇರೆ. ಅಡ್ಡರೆಂಬೆಯಿಂದ ಹೊರಡುವ ಕವಲುಗಳು ಎಡಬಲಕ್ಕೆ ಬರುತ್ತವೆ, ನೆಟ್ಟಗೆ ಏಳುವುದಿಲ್ಲ. ನೆಟ್ಟಗೆ ಏಳುವ ಕಂಬಚಿಗುರು ಕಾಂಡದಿಂದಲೇ ಬರುತ್ತದೆ. ಅದನ್ನು ತೋಟದಲ್ಲಿ ಕೀಳುವಂತೆಯೇ ಎಳೆಯದಿರುವಾಗ ಕೀಳುತ್ತಿರಬೇಕು.

ನನ್ನ ತಪ್ಪು

ಮನೆಯ ಹಿಂದಿನ ಪಟ್ಟೆಯಲ್ಲಿ ನಮ್ಮ ತಂದೆಯವರ ಕಾಲದ ಎಸ್. 795 ಗಿಡಗಳಿದ್ದವು. ಬಿಳಿ ಕಾಂಡಕೊರಕದ ಕಾಟಕ್ಕೆ ವರ್ಷವರ್ಷವೂ ಹತ್ತಾರು ಗಿಡ ಹೋಗುತ್ತಿದ್ದುದರಿಂದ ಆ ಪಟ್ಟೆಯನ್ನು ಪೂರ್ತಿ ಕಿತ್ತು ಹೊಸ ಗಿಡ ಹಾಕುವುದೆಂದು ತೀರ್ಮಾನವಾಯಿತು. ಹುಳ ಬಿದ್ದ ಗಿಡಗಳನ್ನೆಲ್ಲಾ ಸುಟ್ಟೆವು. ಹುಳದ ಸೋಂಕಿಲ್ಲದ ಒಂದು ಬುಡವನ್ನು ಮಾತ್ರ ಸುಡಲು ಮನಸ್ಸಾಗಲಿಲ್ಲ. ಮಳೆ ಹಿಡಿದ ಮೇಲೆ ಅದನ್ನು ಮಣ್ಣಿನ ಹೆಂಟೆಯ ಸಮೇತ ಎಬ್ಬಿಸಿ, ಒಂದಡಿಗೆ ಕತ್ತರಿಸಿ, ಹಳೆಯ ಬುಟ್ಟಿಯಲ್ಲಿಟ್ಟು ಅಂಗಳಕ್ಕೆ ತಂದೆ. ಎರಡು ತಿಂಗಳಿಗೆ ಕಂಬಚಿಗುರು ಬಂತು. ಒಂದನ್ನು ಉಳಿಸಿದೆ. ಮುಂದಿನ ವರ್ಷಕ್ಕೆ ಅದರಲ್ಲಿ ಜೋಡಿ ಜೋಡಿಯಾಗಿ ಅಡ್ಡರೆಂಬೆಗಳು ಬಂದವು.

ಬಗ್ಗಿಸಲು ನನಗೆ ಅವಸರ. ಜೂನ್ ಮೊದಲ ವಾರ, ಮೋಡ ಕಟ್ಟಿತ್ತು. ಮನೆಯಲ್ಲಿ ಕೈಗೆ ಸಿಕ್ಕಿದ ಕಬ್ಬಿಣದ ಕಟ್ಟುತಂತಿಯನ್ನೇ ನಾಲ್ಕು ರೆಂಬೆಗೆ ಬಿಗಿಯಾಗಿ ಸುತ್ತಿ ಬಗ್ಗಿಸಿದೆ. ಮರುದಿನವೇ ಮಳೆ ಹಿಡಿಯಿತು. ಆ ವರ್ಷ ಮೂರು ವಾರ ಬಿಡುವಿಲ್ಲದ ಮಳೆ. ಅಡಿಕೆಗೆ ಔಷಧಿ ಹೊಡೆಸುವುದು, ಚರಂಡಿ ಬಿಡಿಸುವುದು, ಗಿಡದ ಮೇಲೆ ಬಿದ್ದ ಮರ ತೆಗೆಸುವುದು, ಇದರಲ್ಲಿ ಕುಂಡದ ನೆನಪೇ ಹೋಯಿತು. ನೋಡಿದಾಗ ತಂತಿ ತೊಗಟೆಯೊಳಗೆ ಇಳಿದಿತ್ತು. ಗಾಯದಲ್ಲಿ ನೀರು ನಿಂತು, ಎರಡು ರೆಂಬೆಗಳ ಎಲೆಗಳು ಕಪ್ಪಾಗಿ ಕೊಳೆತು, ಬೀಳದೆ ನೂಲಿನಲ್ಲಿ ಕಟ್ಟಿದಂತೆ ತೂಗುತ್ತಿದ್ದವು. ಕೊಳೆರೋಗ ಬಂದ ತೋಟ ನೋಡಿದವರಿಗೆ ಈ ಲಕ್ಷಣ ವಿವರಿಸಬೇಕಾಗಿಲ್ಲ. ನಾನು ಬಯಸಿದ ಜೋಲು ಅದಲ್ಲ.

ಎರಡನ್ನೂ ಬುಡಕ್ಕೆ ಕತ್ತರಿಸಿದೆ. ಅಲ್ಲಿಂದ ಮತ್ತೆ ಚಿಗುರುತ್ತದೆಂದು ಸಮಾಧಾನ ಹೇಳಿಕೊಂಡೆ. ನಮ್ಮಲ್ಲಿ ಬಹಳ ವರ್ಷ ಕಸಿ ಕೆಲಸ ಮಾಡಿದ ಹಿರಿಯ ಆಳು ಒಬ್ಬರಿದ್ದರು. ಕುಂಡ ನೋಡಿ ಅವರು ಹೇಳಿದ್ದು ಇಷ್ಟು: "ಹೋದ ರೆಂಬೆ ಹೋಯ್ತು ಅಯ್ಯಾ. ಆ ಗಂಟಲ್ಲಿ ಇನ್ನು ಕಂಬಚಿಗುರು ಬಂದೀತು, ರೆಂಬೆ ಮಾತ್ರ ಬರಲ್ಲ. ತೋಟದಲ್ಲಿ ನಮಗೆ ಇದನ್ನೇ ಹೇಳಿಕೊಟ್ಟೋರು ನಿಮ್ಮ ಅಪ್ಪಯ್ಯ."

ಅವರು ಹೇಳಿದ್ದು ಅಕ್ಷರಶಃ ಸರಿ. ಕಾಫಿ ಕಾಂಡದ ಪ್ರತಿ ಎಲೆಯ ಕಂಕುಳಲ್ಲಿ ಒಂದರ ಕೆಳಗೊಂದು ಮೊಗ್ಗುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಒಂದು ಮೊಗ್ಗು ಮಾತ್ರ ಅಡ್ಡರೆಂಬೆಯಾಗುತ್ತದೆ. ಉಳಿದವೆಲ್ಲಾ ಕಂಬಚಿಗುರಿನವು. ಆ ಒಂದು ರೆಂಬೆ ಹೋದರೆ ಆ ಗಂಟಿನಲ್ಲಿ ಇನ್ನೊಂದು ಹುಟ್ಟುವುದಿಲ್ಲ. ಬಾಟಲ್ ಬ್ರಷ್‌ನಲ್ಲಿ ತಪ್ಪು ಮಾಡಿದರೆ ಬೇರೆ ಚಿಗುರು ಬರುತ್ತದೆ, ಕಾಫಿಯಲ್ಲಿ ಬರುವುದಿಲ್ಲ. ಹೊಸಬರು ಕಾಫಿಯಿಂದ ಆರಂಭಿಸಬಾರದು ಎಂದದ್ದು ಇದಕ್ಕೇ.

ಗಿಡವನ್ನು ಮತ್ತೆ ಬುಡಕ್ಕೆ ಕತ್ತರಿಸಿ ಹೊಸ ಕಂಬಚಿಗುರು ಬೆಳೆಸಬಹುದಿತ್ತು. ಮನಸ್ಸು ಬರಲಿಲ್ಲ. ಖಾಲಿಯ ಎರಡು ಪಕ್ಕಗಳಲ್ಲಿ ಉಳಿದ ರೆಂಬೆಗಳ ಕವಲುಗಳನ್ನು ನಾರಿನಲ್ಲಿ ಎಳೆದು, ವರ್ಷಕ್ಕೆ ಒಂದೆರಡು ಬೆರಳಿನಷ್ಟು ಆ ಕಡೆಗೆ ತರುತ್ತಿದ್ದೇನೆ. ಈಗ ಖಾಲಿ ಅರ್ಧದಷ್ಟು ಮುಚ್ಚಿದೆ.

ಮಳೆನಾಡಿನವರು ವಹಿಸಬೇಕಾದ ಎಚ್ಚರ

ಬಯಲುಸೀಮೆಗೆ ಬರೆದ ಸೂಚನೆಗಳು ಮೂಡಿಗೆರೆ, ಕಳಸದ ಮಳೆಗೆ ಹೊಂದುವುದಿಲ್ಲ. ನಾನು ಪಾಲಿಸುತ್ತಿರುವುದು ಹೀಗೆ:

1. ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ಯಾವ ರೆಂಬೆಗೂ ತಂತಿ ಸುತ್ತುವುದಿಲ್ಲ. ಹಿಂದೆ ಸುತ್ತಿದ್ದರೆ ಮೇ ತಿಂಗಳಲ್ಲೇ ಬಿಚ್ಚುತ್ತೇನೆ. ಬಿಚ್ಚುವಾಗ ತಂತಿಯನ್ನು ತುಂಡು ತುಂಡಾಗಿ ಕತ್ತರಿಸಬೇಕು. ಸುತ್ತಿ ಬಿಡಿಸಹೋದರೆ ರೆಂಬೆ ಮುರಿಯುತ್ತದೆ.

2. ಕಬ್ಬಿಣದ ತಂತಿ ಬೇಡವೇ ಬೇಡ. ತಂತಿ ಹಾಕಿದ ಮೇಲೆ ಹದಿನೈದು ದಿನಕ್ಕೊಮ್ಮೆ ನೋಡಲೇಬೇಕು. ಗೇಣಿ ಪಂಚಾಂಗದಲ್ಲೋ ಕೂಲಿ ಪುಸ್ತಕದಲ್ಲೋ ತಾರೀಖು ಗುರುತು ಹಾಕಿಟ್ಟರೆ ಮರೆಯುವುದಿಲ್ಲ.

3. ಜೋಲು ಗಿಡದ ರೆಂಬೆಗಳು ಪರದೆಯಂತೆ ಒಂದರ ಮೇಲೊಂದು ಬಿದ್ದು ಒಳಗೆ ತೇವ ಹಿಡಿದಿಡುತ್ತವೆ. ಮುಂಗಾರಿಗೆ ಮೊದಲು ಕಾಫಿ ಗಿಡದ ಹೊಟ್ಟೆ ಬಿಡಿಸುವಂತೆ ಇದರ ಒಳಭಾಗವನ್ನೂ ಬಿಡಿಸಿ, ಗಾಳಿ ಬೆಳಕು ಆಡುವಂತೆ ಮಾಡಬೇಕು. ಜಡಿಮಳೆಯಲ್ಲಿ ಕುಂಡವನ್ನು ಸೂರಿನಡಿ ಬೆಳಕಿರುವ ಕಡೆ ಇಡಬೇಕು.

4. ಕುಂಡದ ತೂತು ಕಟ್ಟಿಕೊಳ್ಳಬಾರದು. ಕೆಳಗೆ ಜಲ್ಲಿ ಹರಡಿ, ಮೇಲೆ ಕಾಡುಮಣ್ಣು, ಹೊಳೆಮರಳು, ಕಳಿತ ಗೊಬ್ಬರ ಸಮಸಮ ಸೇರಿಸಿ ತುಂಬಿದರೆ ನೀರು ನಿಲ್ಲುವುದಿಲ್ಲ.

5. ಬಗ್ಗಿಸಿದ ವರ್ಷ ಗೊಬ್ಬರ ಕಡಿಮೆ ಸಾಲದು. ಸೆಪ್ಟೆಂಬರಿನ ಚಿಗುರಿನ ಹೊತ್ತಿಗೆ ಸಗಣಿಯ ತಿಳಿ ಅಥವಾ ಒಂದು ಹಿಡಿ ಬೇವಿನ ಹಿಂಡಿ ಕೊಡಬೇಕು. ಬಲಗುಂದುವ ತುದಿಗೆ ಅದೇ ಆಧಾರ.

6. ಕಿತ್ತ ತೋಟದಿಂದ ಬುಡ ತರುವವರು ಕಾಂಡದಲ್ಲಿ ಉಬ್ಬಿದ ಗೆರೆ, ತೂತು ಇದೆಯೇ ಎಂದು ಚೆನ್ನಾಗಿ ನೋಡಬೇಕು. ಕಾಂಡಕೊರಕವಿದ್ದರೆ ಎಷ್ಟೇ ಮಮತೆಯಿದ್ದರೂ ಬೆಂಕಿಗೆ ಹಾಕಬೇಕು. ಒಂದು ಕುಂಡದ ಆಸೆಗೆ ಇಡೀ ತೋಟಕ್ಕೆ ಹುಳ ತರಬಾರದು.

ತೋಟಕ್ಕೂ ಇದೇ ಮಾತು

ಕುಂಡದ ಗಿಡವನ್ನು ಹತ್ತಿರದಿಂದ ನೋಡುತ್ತಾ ತೋಟದ ಗಿಡವನ್ನೂ ಬೇರೆ ಕಣ್ಣಿನಿಂದ ನೋಡುವುದನ್ನು ಕಲಿತೆ. ಹೆಚ್ಚು ಫಸಲು ಹೊತ್ತು ಬಾಗಿದ ರೆಂಬೆಯನ್ನು ಕಂಡು ನಾವು ಹಿಗ್ಗುತ್ತೇವೆ. ಆದರೆ ಕಾಫಿ ಹಿಂದಿನ ವರ್ಷದ ಬೆಳವಣಿಗೆಯ ಮೇಲೆ ಕಾಯಿ ಬಿಡುವ ಗಿಡ. ಫಸಲು ಕೊಟ್ಟ ಗಂಟು ಮತ್ತೆ ಕೊಡುವುದು ತೀರ ಕಡಿಮೆ. ಬಾಗಿದ ರೆಂಬೆ ತುದಿಯಲ್ಲೇ ಉದ್ದವಾಗುತ್ತಾ, ನಡುವೆ ಬೋಳಾಗುತ್ತಾ, ಕೊನೆಗೆ ಚಾವಟಿಯಂತಾಗುತ್ತದೆ. ಕುಯ್ಲಾದ ಮೇಲೆ ಅದನ್ನು ಬುಡದ ಒಳ್ಳೆಯ ಕವಲಿನವರೆಗೆ ಹಿಂದಕ್ಕೆ ಕತ್ತರಿಸಿ, ಒಳಗೆ ಬೆಳಕು ಬಿಟ್ಟರೆ ಅದು ಮತ್ತೆ ಬಲ ಹಿಡಿಯುತ್ತದೆ. ಆದರೆ ಕಸಿ ಮಾಡುವವರ ಅವಸರದಲ್ಲಿ ಅದನ್ನೇ ಕಾಂಡದ ಮಟ್ಟಕ್ಕೆ ಕತ್ತರಿಸಿಬಿಟ್ಟರೆ ಆ ಜಾಗ ಆ ಕಾಂಡ ಇರುವಷ್ಟು ದಿನವೂ ಖಾಲಿ. ಎಕರೆಗೆ ನೂರಾರು ಗಿಡಗಳಲ್ಲಿ ಇಂಥ ಖಾಲಿಗಳು ಎಷ್ಟಿವೆಯೋ, ಎಣಿಸಿದವರು ಯಾರು?

ಅದಕ್ಕೆ ಈಗ ಕಸಿಯ ಕಾಲ ಬಂದಾಗ, ಹೊಸದಾಗಿ ಬಂದ ಆಳುಗಳನ್ನು ತೋಟಕ್ಕೆ ಇಳಿಸುವ ಮೊದಲು ಜಗಲಿಯ ಬಳಿಗೆ ಕರೆಯುತ್ತೇನೆ. ಆ ಕುಂಡದ ಖಾಲಿ ಕಡೆಯನ್ನು ತೋರಿಸಿ, "ಇಲ್ಲಿ ರೆಂಬೆ ಯಾಕಿಲ್ಲ ಹೇಳಿ" ಎಂದು ಕೇಳುತ್ತೇನೆ. ಐದು ನಿಮಿಷದಲ್ಲಿ ಅವರಿಗೆ ವಿಷಯ ತಿಳಿಯುತ್ತದೆ. ತಂದೆಯವರ ಪಟ್ಟೆಯಲ್ಲಿ ಈಗ ಹೊಸ ಗಿಡಗಳಿವೆ. ಆ ಹಳೆಯ ಬುಡ ಇನ್ನೂ ಕೆಲಸಕ್ಕೆ ಬರುತ್ತಿದೆ.

ಆಸಕ್ತರು ಈ ಹಿಂಗಾರಿನಲ್ಲಿ ಒಂದು ಬಾಟಲ್ ಬ್ರಷ್ ಗಿಡದಿಂದ ಆರಂಭಿಸಿ ನೋಡಬಹುದು. ತಂತಿ ಬಿಚ್ಚುವ ತಾರೀಖನ್ನು ಮಾತ್ರ ಇವತ್ತೇ ಬರೆದಿಟ್ಟುಕೊಳ್ಳಿ.